ಸಿಳ್ಳೆಗೆ ಏರುವ ನೀರು

ಅಗೋ, ನಾಲ್ಕನೇ ಮೆಟ್ಟಿಲು ಮುಳುಗಿತು, ಒಂದೇ ಸಿಳ್ಳೆಗೆ, ಎರಡು ಬೆರಳು ಬಾಯಿಗಿಟ್ಟು ಊದಿದ್ದಷ್ಟೇ, ಇಡೀ ಡ್ಯಾಮಿನ ನೀರು ಹೆಸರು ಹಿಡಿದು ಕರೆದ ದನದ ಹಾಗೆ ಎದ್ದು ನನ್ನ ಕಾಲ ಬುಡಕ್ಕೆ ಬಂತು, ಹಾಸನ ಜಿಲ್ಲೆಯಲ್ಲಿ ನೀರನ್ನು ಸಿಳ್ಳೆ ಹಾಕಿ ಕರೆಯುವ ಗಂಡಸು ನಾನೊಬ್ಬನೇ, ಗಯಾಜ್, ಸಕಲೇಶಪುರದ ಲಾರಿ ಗಯಾಜ್ — ಪವರ್ ಹೌಸಿನವರು ಹತ್ತು ಗಂಟೆಗೆ ಕರೆಂಟು ಮಾಡೋ ಮಿಷನ್ ನಿಲ್ಲಿಸ್ತಾರೆ, ಆಮೇಲೆ ಹೊಳೆ ತುಂಬಿಕೊಂಡು ನೀರು ಮೇಲೆ ಬರ್ತೈತೆ ಅಂತ ಜನ ಹೇಳ್ತಾರೆ, ಹೇಳ್ಲಿ ಬಿಡು, ಮಿಷನ್ ನಿಲ್ಲೋದೂ ನನ್ನ ಸಿಳ್ಳೆಗೇ ಅಂತ ಅವರಿಗೇನು ಗೊತ್ತು. ಮೊನ್ನೆ ಹೂಮಳೆ ಬಿದ್ದು ಎದುರು ಗುಡ್ಡದ ಕಾಫಿ ಪೂರಾ ಅರಳಿದೆ, ಮೇಲೂ ಬಿಳಿ, ನೀರೊಳಗೆ ತಲೆಕೆಳಗಾಗಿಯೂ ಬಿಳಿ, ನಡುವೆ ಸಿಲ್ವರ್ ಮರಗಳು ಉದ್ದುದ್ದ ನಡುಗುತ್ತಾ ನಿಂತಿವೆ, ವಾಸನೆ ಎಷ್ಟು ದಟ್ಟ ಅಂದರೆ ಗಾಳಿಯಲ್ಲಿ ಕೈಯಾಡಿಸಿದರೆ ಬೆರಳಿಗೆ ಅಂಟುತ್ತೆ. ಮನೆಯೋ, ನೀರಿಗೇ ಮುಖ ಮಾಡಿ ಕೂತ ಉದ್ದ ಜಗುಲಿ, ಎಂಟು ಕಿಟಕಿ, ನನ್ನ ಪ್ರಕಾರ ಎಂಬತ್ತು, ಒಂದೊಂದು ಕಿಟಕಿಯಲ್ಲೂ ಹತ್ತು ಥರದ ನೀರು ಕಾಣುವಾಗ ಎಂಟು ಅಂತ ಹೇಗೆ ಹೇಳೋದು. ಯೋಗಾನಂದರು ಹೋಮ್‌ಸ್ಟೇ ಮಾಡ್ತೀನಿ ಅಂತ ಕಟ್ಟಿಸಿದರು, ಕಟ್ಟಿ ಮುಗಿದ ವರ್ಷವೇ ಹೆಂಡತಿಗೆ ಮೈಸೂರಿನ ಸ್ಕೂಲಿನಲ್ಲಿ ದೊಡ್ಡ ಹುದ್ದೆ ಸಿಕ್ಕಿ ಇಬ್ಬರೂ ಹೋಗ್ಬುಟ್ರು, ಬೀಗದ ಕೈ ನನ್ನ ಜೇಬಿಗೆ, ಮಾರಿಸಿಕೊಡು ಗಯಾಜ್, ಮೂರು ತಿಂಗಳು ಸಾಕಲ್ವಾ ಅಂದರು, ಮೂರು ದಿನ ಸಾಕು ಸಾರ್ ಅಂದಿದ್ದೆ, ಈಗ ಮೂರು ವರ್ಷ. ಈ ಮೆಟ್ಟಿಲು ಹನ್ನೊಂದು ಕಲ್ಲು, ಹನ್ನೊಂದನ್ನೂ ಕ್ವಾರಿಯಿಂದ ಹೊತ್ತದ್ದು ನನ್ನ ಲಾರಿ, ಇಳಿಸಿದ್ದು ಇದೇ ನನ್ನ ಬೆನ್ನು, ಒಂದೇ ಬೆನ್ನು — ಸರಿ, ಇನ್ನೂ ಐದು ಜನ ಇದ್ದರು, ಆದರೆ ಅವರೆಲ್ಲ ಬರೀ ಹೋಯ್ ಹೋಯ್ ಅನ್ನೋಕೆ.

ಮೇಲೆ ರಸ್ತೆಯಲ್ಲಿ ಯಸಳೂರು ಬಸ್ಸು ಉಸ್ಸೆಂದು ನಿಂತಿತು, ಯಾರೋ ಇಳಿದರು, ಕಪ್ಪು ಕೊಡೆ, ನೀಲಿ ಸೀರೆ, ಗೇಟಿನ ಕಡೆಗೇ ಬರ್ತಾ ಇದಾರೆ, ಅಯ್ಯೋ ಮಾರಾಯ, ಇದು ಆಲೂರಿನ ರಾಜಲಕ್ಷ್ಮಮ್ಮ, ಪೋಸ್ಟಾಫೀಸಿನಿಂದ ರಿಟೈರಾದವರು, ಯೋಗಾನಂದರನ್ನೂ ಫೋನಿನಲ್ಲಿ ಕೇಳಿ ಮನೆ ನೋಡೋಕೆ ಬರಬೇಕಾದವರು, ಬರಬೇಕಾದ್ದು ಇವತ್ತೇ, ಆದರೆ ಸಂಜೆ ಐದೂವರೆಗೆ, ಫೋನಿನಲ್ಲಿ ಮೂರು ಸಲ ಹೇಳಿದೀನಿ, ಬಿಸಿಲು ಇಳಿದ ಮೇಲೆ ಬನ್ನಿ ಅಮ್ಮಾ, ತಂಪಾಗಿರ್ತೈತೆ, ಈಗಿನ್ನೂ ಹನ್ನೊಂದೂವರೆ. ನನ್ನ ಕಸುಬಿನ ಗುಟ್ಟೇ ಹೊತ್ತು. ಬೇರೆ ಬ್ರೋಕರುಗಳು ಮನೆ ಚೆಂದ ಕಾಣುವ ಹೊತ್ತಿಗೆ ಗಿರಾಕಿ ಕರೀತಾರೆ, ನಾನು ವಿಕಾರ ಕಾಣುವ ಹೊತ್ತಿಗೆ ಕರೀತೀನಿ, ಸಂಜೆ ಊರಿಗೆಲ್ಲ ಕರೆಂಟು ಬೇಕಾಗಿ ಮಿಷನ್ ಶುರುವಾದರೆ ನೀರು ಸರಸರ ಇಳಿದು ಹನ್ನೊಂದು ಮೆಟ್ಟಿಲೂ ಬರಿಮೈ, ಅದರಾಚೆ ಕೆಸರು, ಕೆಸರಲ್ಲಿ ಕೊಳೆತ ಬೊಡ್ಡೆ, ಒಂದು ಹಳೇ ಟೈರು, ಟೈರು ನಾನೇ ಹಾಕಿದ್ದು. ಅಷ್ಟಕ್ಕೂ ಹೋಗದವರಿಗೆ ನನ್ನ ಬಾಯಿ ಐತಲ್ಲ. ಹಾಸನದ ಡಾಕ್ಟರಿಗೆ, ಇಲ್ಲಿ ಮೀನು ಮುಟ್ಟಿದ್ರೆ ಶಾಕ್ ಹೊಡೀತೈತೆ ಸಾರ್, ಅದೂ ತ್ರೀ ಫೇಸು. ಕೊಡಗಿನ ಗಂಡಹೆಂಡಿರಿಗೆ, ಪವರ್ ಹೌಸಿನ ಸೈರನ್ನು ಕೇಳಿ ಒಂದು ಎಮ್ಮೆ ಆರು ತಿಂಗಳು ಹಾಲು ಕೊಡಲಿಲ್ಲ. ಮಂಗಳೂರಿನವನೊಬ್ಬ ಯಾವುದಕ್ಕೂ ಜಗ್ಗಲಿಲ್ಲ, ಆವತ್ತು ಹುಟ್ಟಿತು ಮೊಸಳೆ, ಹದಿನೆಂಟಡಿ, ಅವನು ಕಾರು ತಿರುಗಿಸಿದ ರಭಸಕ್ಕೆ ಗೇಟಿನ ಕಂಬ ಇನ್ನೂ ವಾಲಿಕೊಂಡೈತೆ. ಮೂರು ವರ್ಷದಲ್ಲಿ ಐವತ್ತು ಜನ ಓಡಿಸಿದೀನಿ, ಐವತ್ತಲ್ಲ, ಹದಿನಾಲ್ಕು. ಯಾಕೆ ಅಂದ್ರೆ, ಯಾಕೂ ಇಲ್ಲ, ನನಗ್ಯಾಕೆ ಬೇಕು ಇಂಥ ಮನೆ, ಮಧ್ಯಾಹ್ನ ಹೆಂಡತಿ ಗೌಸಿಯಾ ಕಟ್ಟಿಕೊಟ್ಟ ಬುತ್ತಿ ತಂದು ಮೂರನೇ ಮೆಟ್ಟಿಲಲ್ಲಿ ಕೂತು, ಕಾಲು ನೀರಿಗೆ ಬಿಟ್ಟು ಎರಡು ರೊಟ್ಟಿ ತಿಂತೀನಿ, ಅಷ್ಟೇ, ದಿನಾ, ಮೂರು ವರ್ಷದಿಂದ ದಿನಾ, ಮನೆ ಮಾರಿ ಹೋದರೆ ಗೇಟಿಗೆ ಬೇರೆಯವರ ಬೀಗ, ಆಮೇಲೆ ಆ ಎರಡು ರೊಟ್ಟಿ ಎಲ್ಲಿ ಕೂತು ತಿನ್ನೋದು.

ಸಂಜೆಯ ಬಸ್ಸು ಕೆಟ್ಟರೆ ಅಂತ ಬೇಗ ಬಂದೆ ಗಯಾಜ್ ಅವರೇ, ಬೇಜಾರಿಲ್ಲ ತಾನೇ. ಬೇಜಾರೇನಮ್ಮಾ, ನಿಮ್ಮ ಮನೆ ಅಂದ್ಕೊಳಿ — ನಾಲಿಗೆ ಕಚ್ಚಿಕೊಂಡೆ. ಹೆಂಗಸು ಗಟ್ಟಿ, ಅಡುಗೆಮನೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ, ಕಿಟಕಿ ತೆಗೆದಳು, ಒಂದೊಂದಾಗಿ ಎಂಟೂ ತೆಗೆದಳು, ಒಂದೊಂದರ ಮುಂದೂ ಕಾಗದ ಓದುವವಳ ಹಾಗೆ ನಿಂತಳು, ಮೊದಲ ದಿನ ನಾನೂ ಹಾಗೇ ನಿಂತಿದ್ದೆ, ಸಿಮೆಂಟು ಇನ್ನೂ ಹಸಿ ಇತ್ತು. ಗಾಳಿ ಯಾವ ಕಡೆಯಿಂದ? ನಾಲ್ಕೂ ಕಡೆಯಿಂದ ಅಮ್ಮಾ, ಹೋದ ಆಷಾಢದಲ್ಲಿ ಇಲ್ಲಿಂದ ಹಾರಿದ ಹಂಚು ಅಷ್ಟು ದೂರದ ಮಗ್ಗೆ ಊರಲ್ಲಿ ಸಿಕ್ತು. ಒಡೆದಿತ್ತಾ? ಇಲ್ಲ. ಹಾಗಾದ್ರೆ ಒಳ್ಳೇ ಹಂಚು ಬಿಡಿ. ಯಾ ಅಲ್ಲಾ, ಹದಿನಾಲ್ಕು ಜನರಲ್ಲಿ ಒಬ್ಬರೂ ಹೀಗೆ ತಿರುಗಿ ಹೊಡೆದಿರಲಿಲ್ಲ. ಸೀದಾ ಮೆಟ್ಟಿಲಿಗೆ ಇಳಿದಳು, ಚಪ್ಪಲಿ ಬಿಟ್ಟಳು, ಮೂರನೇ ಮೆಟ್ಟಿಲಲ್ಲಿ, ನನ್ನ ಮೂರನೇ ಮೆಟ್ಟಿಲಲ್ಲಿ, ಸೀರೆ ಎತ್ತಿ ಕೂತು ಕಾಲು ನೀರಿಗೆ ಬಿಟ್ಟಳು, ಹಾ ಅಂದಳು, ಆ ಹಾ ನನಗೆ ಗೊತ್ತು, ಆ ಹಾ ಅಂದವರು ಮನೆ ಬಿಡೋರಲ್ಲ. ಅಮ್ಮಾ, ಕಾಲು ತೆಗೀರಿ, ಮೊಸಳೆ ಐತೆ. ಎಷ್ಟು ದೊಡ್ಡದು? ಹದಿನೆಂಟಡಿ ಕಣಮ್ಮಾ. ಗಂಡೋ ಹೆಣ್ಣೋ? ಇದನ್ನು ಯಾರೂ ಕೇಳಿರಲಿಲ್ಲ, ಹೆಣ್ಣು ಅಂದುಬುಟ್ಟೆ, ಮರೀನೂ ಹಾಕೈತೆ ಅಂದೆ, ನಾಲ್ಕು. ಆಯಮ್ಮ ಕಾಲು ತೆಗೆಯಲಿಲ್ಲ. ಮೂವತ್ತೆರಡು ವರ್ಷ ಠಸ್ಸೆ ಹೊಡೆದೋಳು ಕಣ್ರೀ ನಾನು, ವಿಳಾಸ ಸುಳ್ಳಿದ್ರೆ ಕಾಗದ ಕೈಗೆ ಬಂದಾಗ್ಲೇ ಗೊತ್ತಾಗ್ತಿತ್ತು ಅಂದಳು, ನಗಲಿಲ್ಲ, ನೀರನ್ನೇ ನೋಡ್ತಾ ಇದ್ದಳು. ನೀರೂ ಸುಮ್ಮನಿರಲಿಲ್ಲ, ಸದ್ದಿಲ್ಲದೆ ಏರಿ ಮೂರನೇ ಕಲ್ಲಿನ ಅಂಚು ನೆಕ್ಕಿತು, ಎಡಗಾಲಿನ ಚಪ್ಪಲಿಯನ್ನು ಎತ್ತಿಕೊಂಡೇ ಬಿಟ್ಟಿತು, ಅಯ್ಯೋ ನನ್ನ ಚಪ್ಪಲಿ ಅಂದಳು, ಕಂದು ಚಪ್ಪಲಿ ಬಿಳೀ ಹೂಗುಡ್ಡದ ನೆರಳಿನ ಮೇಲೆ ದೋಣಿಯ ಹಾಗೆ ಹೊರಟೇ ಹೋಯ್ತು, ಮತ್ತೆ ನಾನು, ನಾನೇನೂ ಯೋಚಿಸಲಿಲ್ಲ, ಪ್ಯಾಂಟು ಸಮೇತ ಇಳಿದೆ, ಐದನೇ ಕಲ್ಲು, ಆರನೇದು ಅಲ್ಲಾಡುತ್ತೆ ಎಡಕ್ಕೆ ಹೆಜ್ಜೆ, ಏಳು, ಎಂಟಕ್ಕೆ ಬಲಮೂಲೆ ಮುರಿದಿದೆ, ಸೊಂಟದ ಮಟ್ಟ, ಒಂಬತ್ತು, ಎದೆಯ ಹತ್ತಿರ, ಏನು ತಂಪು, ಏನು ತಿಳಿ, ಚಪ್ಪಲಿ ಹಿಡಿದೆ, ಗೆದ್ದವನ ಹಾಗೆ ಮೇಲೆತ್ತಿ ತಿರುಗಿದೆ.

ರಾಜಲಕ್ಷ್ಮಮ್ಮ ಗಲ್ಲಕ್ಕೆ ಕೈಕೊಟ್ಟು ಕೂತಿದಾರೆ. ಬಾಣಂತಿ ಹುಷಾರಾಗಿದ್ದಾಳಾ ಗಯಾಜ್ ಅವರೇ, ನಾಲ್ಕು ಮರೀನೂ ಕ್ಷೇಮವೋ? ನಾನು ನೀರಲ್ಲೇ ನಿಂತೆ, ಚಪ್ಪಲಿಯಿಂದ ತೊಟ್ಟು ತೊಟ್ಟಾಗಿ ನೀರು ಬೀಳ್ತಿದೆ. ಎಲ್ಲಿ ಎಡಕ್ಕೆ ಸರೀಬೇಕು ಅಂತ ಕೆಳಗೆ ನೋಡ್ದೇನೇ ಕಾಲಿಟ್ರಿ, ತಮ್ಮ ಮನೆಯ ಕತ್ತಲೆಯಲ್ಲಿ ಓಡಾಡೋರು ಮಾತ್ರ ಹಾಗೆ ಓಡಾಡ್ತಾರೆ, ಈ ಮನೆ ಬೇಕಾಗಿರೋದು ಯಾರಿಗೆ ಹೇಳಿ. ಯಾರಿಗೂ ಅಲ್ಲಮ್ಮಾ, ಅನ್ನಬೇಕು, ಬಾಯಿ ಬರ್ತಿಲ್ಲ, ಇಂಥ ಬಾಯಿ, ಎಮ್ಮೆಯ ಹಾಲು ಬತ್ತಿಸಿದ ಬಾಯಿ. ನಂಗೇ ಅಮ್ಮಾ, ಅಂದೆ, ನನಗೇ ಕೇಳಿಸದ ಹಾಗೆ. ಯೋಗಾನಂದರಿಗೆ ಒಂದು ದಿನ ಆದ್ರೂ ಹೇಳಿದ್ರಾ? ಇಲ್ಲ. ಹೇಗೆ ಹೇಳೋದು, ಈ ಕಲ್ಲು ಇಳಿಸಿದ ದಿನ ಎಲ್ಲರೂ ಜಗುಲಿಯಲ್ಲಿ ಟೀ ಕುಡಿದರೆ ನಾನು ಲಾರಿಯ ಕ್ಯಾಬಿನ್ನಲ್ಲೇ ಕುಡಿದವನು, ಕರೀಲಿಲ್ಲ ಅಂತಲ್ಲ, ಕರೆದರು, ನಾನೇ ಇಳಿಯಲಿಲ್ಲ, ಅಂಥವನು ಹೋಗಿ ಈ ಮನೆ ನಂಗೆ ಕೊಡಿ ಸಾರ್ ಅಂದರೆ ಅವರು ನಕ್ಕುಬಿಟ್ಟರೆ, ಊರನ್ನೆಲ್ಲ ನಗಿಸುವವನಿಗೆ ಆ ಒಂದು ನಗು ತಡೆಯೋಕಾಗಲ್ಲ. ಲಾರಿ ಮಾರಿ ಎರಡು ವರ್ಷ, ದುಡ್ಡು ಹಾಗೇ ಐತೆ, ಊರವರಿಗೆಲ್ಲ ಮನೆ ತೋರಿಸ್ತೀರಿ ನಮಗೊಂದು ನೋಡ್ರೀ ಅಂತ ಗೌಸಿಯಾ, ಒಳ್ಳೇದು ಒಂದೂ ಇಲ್ಲ ಕಣೇ ಅಂತ ನಾನು, ಅವಳನ್ನು ಒಂದು ದಿನವೂ ಇಲ್ಲಿಗೆ ಕರ್ಕೊಂಡು ಬಂದಿಲ್ಲ, ಬಂದರೆ ಅವಳೂ ಹಾ ಅಂತಾಳೆ, ಆಮೇಲೆ ಕೇಳಲೇಬೇಕಾಗುತ್ತೆ. ಚಪ್ಪಲಿಯಿಂದ ಒಂದು ತೊಟ್ಟು. ನೋಡಿ ಗಯಾಜ್ ಅವರೇ, ನನಗೂ ಮನೆ ಹಿಡಿಸಿದೆ, ಮನಸಾರೆ ಹಿಡಿಸಿದೆ, ನೀವು ಹೇಳ್ದೇ ಇದ್ರೆ ನಾನು ಹೇಳ್ತೀನಿ, ತಗೋತೀನಿ ಅಂತ, ಅಂದವರೇ ಫೋನು ಒತ್ತಿದರು, ಸ್ಪೀಕರಿನಲ್ಲಿ ರಿಂಗು, ಆಚೆ ದಡದವರೆಗೂ ರಿಂಗು, ಹಲೋ, ಯೋಗಾನಂದರ ದನಿ, ಹೇಳಿ ಅಮ್ಮಾ, ಹಿಡಿಸ್ತಾ, ಯಾರಿಗೆ ತೋರಿಸಿದ್ರೂ ಬೇಡ ಅಂತಾರೆ, ನಮ್ಮ ಮನೆಗೆ ಏನಾಗಿದ್ಯೋ ಗೊತ್ತಿಲ್ಲ. ರಾಜಲಕ್ಷ್ಮಮ್ಮ ಫೋನು ನನ್ನ ಕಡೆ ಚಾಚಿ ಹಿಡಿದರು. ಮನೆಗೆ ಏನೂ ಆಗಿಲ್ಲ ಸಾರ್, ಅಂದೆ. ಯಾರು, ಗಯಾಜಾ? ಹೂಂ ಸಾರ್, ನಾನೇ, ಬಂದೋರನ್ನೆಲ್ಲ ಓಡಿಸಿದ್ದು ನಾನೇ, ಹೇಳಿದ್ದೆಲ್ಲ ಸುಳ್ಳು, ಇಷ್ಟು ಚೆಂದದ ಮನೆ ನಾನು ಎಲ್ಲೂ ನೋಡಿಲ್ಲ, ಇದು ಸುಳ್ಳಲ್ಲ, ನಂಗೇ ಬೇಕು ಸಾರ್, ನಂಗೂ ಗೌಸಿಯಾಗೂ, ಕೊಡ್ತೀರಾ. ಆ ಕಡೆ ಒಂದು ಉಸಿರು, ನಗುವಿನ ಮುಂಚಿನ ಉಸಿರೋ, ಬೇರೆ ಯಾವುದೋ, ಕೈಯಲ್ಲಿ ಕಂದು ಚಪ್ಪಲಿ, ಅದರ ಹಿಮ್ಮಡಿಯಲ್ಲಿ ಒಂದು ತೊಟ್ಟು ದುಂಡಗಾಗ್ತಾ ಇದೆ, ಬಿತ್ತು, ಇನ್ನೊಂದು, ಬಿತ್ತು, ಇನ್ನೊಂದು ದುಂಡಗಾಗ್ತಾ ಇದೆ, ಬೀಳ್ತಿಲ್ಲ —