ತಾರಿನ ಡಬ್ಬಿಯೋ ಬಿನತಾರಿ ಪೆಟ್ಟಿಗೆಯೋ

ಶರಣಯ್ಯನವರು ಅಂಗಳಕ್ಕೆ ಕಾಲಿಟ್ಟವರು ಹೆಗಲ ಜೋಳಿಗೆಯನ್ನು ಇಳಿಸುವ ಮೊದಲೇ ಸುದ್ದಿ ಇಳಿಸಿದರು.

"ತಾಯೀ, ನಿನ್ನ ತಮ್ಮ ವೀರಭದ್ರ ಧಾರವಾಡಕ್ಕ ಹೋಗ್ಯಾನ. ಬರೋ ಸೋಮವಾರ ದೀಪಾ ಹಚ್ಚೂ ಹೊತ್ತಿಗಿ ರೇಡಿಯೋದಾಗ ಹಾಡ್ತಾನ!"

ಶೇವಂತಾಬಾಯಿಯ ಕೈಯಲ್ಲಿದ್ದ ಮೊರ ಜಾರಿ ತೊಗರಿಬೇಳೆ ಅಂಗಳದ ತುಂಬ ಹರಡಿತು. ಅದನ್ನು ಬಳಿಯುವಷ್ಟು ಪುರಸೊತ್ತು ಯಾರಿಗಿತ್ತು?

"ನಮ್ಮ ವೀರಭದ್ರನ? ಖರೇನ್ರೀ ಅಯ್ಯಾರೇ? ಮೂಗು ಒರಸ್ಕೊಳ್ಳಾಕ ಬರ್ತಿದ್ದಿಲ್ಲ ಅಂವಗ!"

"ಈಗ ಬರ್ತದ," ಎಂದು ಶರಣಯ್ಯನವರು ನಕ್ಕರು. "ಮಠದಾಗ ಅಂವಾ ಏಕತಾರಿ ಹಿಡದು ಹಾಡೂದು ಕೇಳಿ ರೇಡಿಯೋದವರು ಕರಕೊಂಡು ಹೋಗ್ಯಾರ. ನಮ್ಮ ಅಕ್ಕ ಬೀಸೂವಾಗ ಹಾಡ್ತಿದ್ದ ಪದಾನೇ ಹಾಡ್ತೀನಿ, ಆಕಿಗಿ ತಪ್ಪದ ಕೇಳಂತ ಹೇಳ್ರಿ ಅಂದಾನ."

ಶರಣಯ್ಯನವರು ಈ ಮನೆತನದ ಅಯ್ಯನವರು. ಜಳಕೋಟದಿಂದ ಉಮರಗಾದ ತನಕ ಭಕ್ತರ ಮನೆಗಳನ್ನು ಸುತ್ತುವ ಅವರ ಕಾಲುಗಳಿಗೆ ಯಾವ ಅಂಚೆಯವನೂ ಸರಿಸಾಟಿಯಲ್ಲ. ಅವರು ತಂದ ಸುದ್ದಿ ಸುಳ್ಳಾದದ್ದಿಲ್ಲ.

ಶೇವಂತಾಬಾಯಿಯ ತವರು ಜಳಕೋಟ. ತಾಯಿ ತೀರಿಕೊಂಡಾಗ ವೀರಭದ್ರ ಇನ್ನೂ ತೊಟ್ಟಿಲ ಕೂಸು, ಅವಳು ಲಂಗ ಉಡುವ ಹುಡುಗಿ. ತಾಯಿಯ ಬೀಸುವ ಕಲ್ಲು ಅವಳ ಪಾಲಿಗೆ ಬಂತು, ಅದರ ಜೊತೆಗೆ ತಾಯಿಯ ಪದವೂ ಬಂತು. ಆದರೆ ಅದರ ಮೂರನೆಯ ಸಾಲು ಮಾತ್ರ ಎಷ್ಟು ತಲೆ ಕೆರೆದರೂ ನೆನಪಾಗಲಿಲ್ಲ. ಕೂಸು ಮೊಣಕಾಲ ಮೇಲೆ ಅಳುತ್ತಿರುವಾಗ ನೆನಪಿಗಾಗಿ ಕಾಯುತ್ತ ಕೂರಲಾದೀತೇ? ಬಾಯಿಗೆ ಬಂದದ್ದೊಂದು ಸಾಲು ಸೇರಿಸಿ ಹಾಡಿದಳು. ಅದು ಅವಳ ಗುಟ್ಟು, ಗಂಡನಿಗೂ ಹೇಳಿರಲಿಲ್ಲ.

ಗಂಡ ಕಲ್ಯಾಣಪ್ಪ ಹೊಲದಿಂದ ಬಂದು ಸುದ್ದಿ ಕೇಳಿದವನೇ ರುಮಾಲು ಸರಿಮಾಡಿಕೊಂಡ. ತಲೆಯ ಮೇಲಿನ ರುಮಾಲು ತೆಗೆದು ಅವನು ನಾಲ್ಕು ಜನರ ಎದುರು ನಿಂತದ್ದನ್ನು ಅವರ ಊರು ತುರೋರಿಯಲ್ಲಿ ಯಾರೂ ಕಂಡಿಲ್ಲ.

"ನನ್ನ ಮೈದುನ ಹಾಡ್ತಾನಂದ್ರ ಸಣ್ಣ ಮಾತೇನು? ನಾಳೇನ ಬಕ್ಕಪ್ಪನ ಡಬ್ಬಿ ತರಸ್ತೀನಿ!"

ಬಕ್ಕಪ್ಪನದು ಸಡಕಿನ ಪಕ್ಕದ ಹೋಟೆಲು. ನಿಜಾಮನ ಜಮಾನಾ ಮುಗಿದು ಬಸ್ಸು ಲಾರಿಗಳ ಓಡಾಟ ಹೆಚ್ಚಿದ ಮೇಲೆ ಅವನ ಚಹಾದ ಜೊತೆ ಅವನ ತಲೆಯಲ್ಲಿ ಉಪಾಯಗಳೂ ಕುದಿಯತೊಡಗಿದ್ದವು. ಹೋಟೆಲಿನಲ್ಲೊಂದು ದೊಡ್ಡ ರೇಡಿಯೋ ಇಟ್ಟು, ಅದರಿಂದ ತಾರು ಎಳೆದು, ಬೇಕಾದವರ ಮನೆಗೆ ಒಂದೊಂದು ಮರದ ಡಬ್ಬಿ ಕೂಡಿಸುತ್ತಿದ್ದ. ಡಬ್ಬಿಯ ಮುಖಕ್ಕೆ ಬಟ್ಟೆ, ಬೆನ್ನಿಗೆ ತಾರು, ತಿರುವಲು ಒಂದು ಗುಂಡಿಯೂ ಇಲ್ಲ. ಕಲ್ಯಾಣಪ್ಪನಿಗೆ ಹಿಡಿಸಿದ್ದೇ ಅದು.

"ತಿರುವೂದಿಲ್ಲ, ಮುರಿಯೂದಿಲ್ಲ, ಬ್ಯಾಟರಿ ಸಾಯೂದಿಲ್ಲ!"

ಡಬ್ಬಿ ಮರುದಿನವೇ ಬಂತು. ತಾರು ಸಿಕ್ಕಿಸಿದ ಕ್ಷಣವೇ ಹಿಂದೀ ಸಿನಿಮಾದ ಹಾಡು ಗಂಟೆಯ ಹಾಗೆ ಮೊಳಗಿತು. ಕಲ್ಯಾಣಪ್ಪ ತಾನೇ ಹಾಡಿದವನಂತೆ ಎದೆಯುಬ್ಬಿಸಿ ನಿಂತ.

"ಬಕ್ಕಪ್ಪಾ, ಸೋಮವಾರ ಸಂಜಿಗಿ ಧಾರವಾಡ ಹಚ್ತೀಯಿಲ್ಲೋ?" ಎಂದು ಶೇವಂತಾಬಾಯಿ ಕೇಳಿದಳು.

ಬಕ್ಕಪ್ಪ ಕೈ ಕೈ ಹಿಸುಕಿದ. "ವೈನೀ, ಆ ಹೊತ್ತಿಗಿ ಲಾರಿ ಡ್ರೈವರ್ ಮಂದಿ ಕುಂತಿರ್ತಾರ. ಸಿನಿಮಾ ಹಾಡು ತಗದ್ರ ಎದ್ದು ನಡೀತಾರ. ಹೋಟೆಲದಾಗ ಏನು ಹಚ್ತೀನೋ ಎಲ್ಲಾರ ಮನ್ಯಾಗ ಅದೇ ಬರ್ತದ. ನಂದೇನು ಕೈಯಾಗಿಲ್ಲ."

ಶೇವಂತಾಬಾಯಿ ಗಂಡನ ಕಡೆ ತಿರುಗಿದಳು. ತಮ್ಮ ಹಾಡುವುದು ಧಾರವಾಡದಲ್ಲಿ, ತಾನು ಕೇಳಬೇಕಾದದ್ದು ಲಾರಿಯವರಿಗೆ ಬೇಕಾದದ್ದೇ? ಸಿಟ್ಟು ನೆತ್ತಿಗೇರಿತು.

"ಹಂಗಾದ್ರ ಮಂದಿ ಕಿವಿಗಿ ಕಟ್ಟಿದ ಡಬ್ಬಿ ನಮಗ್ಯಾಕ್ರೀ? ಉದಗೀರದ ರೇವಣಪ್ಪ ತಾರಿಲ್ಲದ ಬಿನತಾರಿ ಪೆಟ್ಟಿಗಿ ಮಾರ್ತಾನಂತ. ಅದರಾಗ ನಾವು ತಿರುವಿದ ಊರು ಮಾತಾಡ್ತದ."

ಕಲ್ಯಾಣಪ್ಪ ಗಲ್ಲ ಕೆರೆದುಕೊಂಡ. ಹೆಂಡತಿಯ ಮುಖ ನೋಡಿದ, ಡಬ್ಬಿಯ ಮುಖ ನೋಡಿದ. ಕೊನೆಗೆ ಪಂಚಾಯತಿ ಕಟ್ಟೆಯ ಮೇಲೆ ಕೂತವನಂತೆ ಫೈಸಲಾ ಕೊಟ್ಟ.

"ಎರಡೂ ಇರ್ಲಿ. ಸೋಮವಾರದ ತನಕ ಯಾವುದು ಚೊಕ್ಕ ಮಾತಾಡ್ತದೋ ಅದು ಮನ್ಯಾಗ ಉಳೀತದ. ಇನ್ನೊಂದು ಬಂದ ದಾರಿ ಹಿಡೀತದ."

ರೇವಣಪ್ಪ ಶನಿವಾರ ಬಸ್ಸಿನಿಂದ ಇಳಿದ, ಕಂಕುಳಲ್ಲಿ ಪೆಟ್ಟಿಗೆ, ತಲೆಯ ಮೇಲೆ ಇಟ್ಟಿಗೆಯಷ್ಟು ಭಾರದ ಬ್ಯಾಟರಿ. ಓಣಿಗೆ ಓಣಿಯೇ ಹಿಂದೆ ಬಂತು. ಅವನು ಮಾಳಿಗೆಯ ಮೇಲೆ ಬಿದಿರು ನಿಲ್ಲಿಸಿ ಒಂದು ತಾರು ಎಳೆದ, ಮತ್ತೊಂದು ತಾರು ಬಿಚ್ಚತೊಡಗಿದ.

"ಬಿನತಾರಿ ಅಂತ ಹೇಳಿ ಎರಡು ತಾರು ಹಾಕ್ತೀಯಲ್ಲೋ!" ಎಂದ ಕಲ್ಯಾಣಪ್ಪ. ನೆರೆದವರೆಲ್ಲ ಗೊಳ್ಳೆಂದು ನಕ್ಕರು.

"ಮ್ಯಾಲಿಂದು ದನಿ ಹಿಡೀಲಿಕ್ಕ, ಸಾವಕಾರ್ರೇ. ಇದು ನೆಲಕ್ಕ. ಹಸಿ ನೆಲಾ ಬೇಕು. ಬಚ್ಚಲ ನೀರು ಹರಿಯೋ ಕಡಿ ಹುಗಿದುಬಿಡ್ತೀನಿ."

ಶೇವಂತಾಬಾಯಿ ಮುಂದೆ ಬಂದಳು. "ಏನಂದಿ? ಶರಣರ ವಚನ ಬರೋ ಪೆಟ್ಟಿಗಿದು. ನನ್ನ ತಮ್ಮ ಶಿವನ ಹೆಸರು ತಗೊಂಡು ಹಾಡೂದು ಇದರಾಗ. ಇದರ ಬೇರು ಬಚ್ಚಲದಾಗ ಹುಗೀತೀ? ನಡಿ, ದೇವರ ಮನಿ ಮುಂದಿನ ಕಟ್ಟಿ ಮ್ಯಾಲ ಹುಗಿ. ಅದು ಚೊಕ್ಕ ಜಾಗಾ."

"ಅಕ್ಕಾರೇ, ಹಸಿ ಇರ್ಬೇಕು..."

"ಮಡಿ ಇರ್ಬೇಕು!"

ಉದಗೀರದ ಬಸ್ಸು ಹಾರ್ನು ಹೊಡೆಯಿತು. ರೇವಣಪ್ಪ ಅವಳು ಹೇಳಿದಲ್ಲೇ ತಾರು ಹುಗಿದು, ಧಾರವಾಡಕ್ಕೆ ಮುಳ್ಳು ಎಲ್ಲಿ ನಿಲ್ಲಿಸಬೇಕೆಂದು ತೋರಿಸಿ ಓಡಿದ.

ಅದು ಬೇಸಿಗೆ. ಕಟ್ಟೆಯ ಮಣ್ಣು ಬೂದಿಯಂತೆ ಒಣಗಿತ್ತು. ಪೆಟ್ಟಿಗೆ ಕೊರ್ರೆಂದಿತು, ಚಟಪಟವೆಂದಿತು, ಬಾಣಲೆಯಲ್ಲಿ ಜೋಳ ಹುರಿದ ಹಾಗೆ ಸಿಡಿಯಿತು. ಎಲ್ಲೋ ದೂರದಲ್ಲಿ ಯಾರೋ ಕನ್ನಡದಲ್ಲಿ ಉಸುರಿದಂತಾಗಿ ಮುಳುಗಿಹೋಯಿತು. ಪಕ್ಕದ ಗೂಟದಲ್ಲಿ ತೂಗುತ್ತಿದ್ದ ಬಕ್ಕಪ್ಪನ ಡಬ್ಬಿ ಮಾತ್ರ ಎಡೆಬಿಡದೆ ಮೊಳಗುತ್ತಿತ್ತು.

ಭಾನುವಾರವೂ ಅದೇ ಕತೆ. "ಶೇವಂತೀ, ಫೈಸಲಾ ಆದಂಗೇ ಅದ," ಎಂದ ಕಲ್ಯಾಣಪ್ಪ. ಅವನ ದನಿಯಲ್ಲಿ ಗೆದ್ದ ಖುಷಿಗಿಂತ ಕನಿಕರವೇ ಹೆಚ್ಚಿತ್ತು. ಅದರಿಂದ ಅವಳಿಗೆ ಇನ್ನಷ್ಟು ಸಂಕಟವಾಯಿತು.

"ನಾಳೆ ಸಂಜಿ ತನಕ ಬಿಡ್ರಿ. ಆಮ್ಯಾಲ ನಿಮ್ಮ ಮಾತೇ ಮಾತು."

ಸೋಮವಾರ ಶೇವಂತಾಬಾಯಿಗೆ ಒಪ್ಪತ್ತು. ಹೊತ್ತು ಇಳಿಯುವಾಗ ಮತ್ತೊಮ್ಮೆ ಮಿಂದು ಲಿಂಗಪೂಜೆಗೆ ಕೂತಳು. ಕೈ ಪೂಜೆಯಲ್ಲಿತ್ತು, ಕಿವಿ ಕೊರ್ರೆನ್ನುವ ಪೆಟ್ಟಿಗೆಯಲ್ಲಿತ್ತು. ಶಿವಾ, ಒಂದೇ ಒಂದು ಪದ ಕೇಳಿಸು, ಇನ್ನೇನೂ ಬೇಡುವುದಿಲ್ಲ ಎಂದುಕೊಂಡಳು. ಎದ್ದು ಪೂಜೆಯ ನೀರಿನ ತಂಬಿಗೆ ಹಿಡಿದು, ದಿನದಂತೆ ಕಟ್ಟೆಯ ಪಕ್ಕದ ಬಿಲ್ವಪತ್ರಿ ಗಿಡಕ್ಕೆ ಹಾಕಲು ಹೋದಳು. ಆ ನೀರನ್ನು ಯಾರೂ ತುಳಿಯಬಾರದು. ಅದಕ್ಕೆಂದೇ ಅತ್ತೆಯ ಕಾಲದಿಂದ ಈ ಮನೆಯಲ್ಲಿ ಅದು ಪತ್ರಿ ಗಿಡದ ಬುಡಕ್ಕೇ ಸೇರುತ್ತದೆ.

ನೀರು ಹಾಕಲು ಬಾಗಿದಾಗ ಬುಡದ ಮಣ್ಣಿಗೆ ಬೆರಳು ತಾಗಿತು. ತಣ್ಣಗಿತ್ತು, ಕಲಸಿಟ್ಟ ಹಿಟ್ಟಿನಂತೆ ಮೆತ್ತಗಿತ್ತು.

ಹಸಿ ಇರಬೇಕು ಅಂದಿದ್ದ ರೇವಣಪ್ಪ. ಮಡಿ ಇರಬೇಕು ಅಂದಿದ್ದಳು ತಾನು. ಎರಡೂ ಇರುವ ಜಾಗ ಕಣ್ಣೆದುರಿಗೇ ಇತ್ತು!

"ರೀ! ಗುದ್ದಲಿ ತರ್ರಿ! ಲಗೂನ ಬರ್ರಿ!"

ಕಲ್ಯಾಣಪ್ಪ ಹಾವು ಬಂತೆಂದು ಬಡಿಗೆ ಹಿಡಿದು ಓಡಿಬಂದ. ಅಷ್ಟರಲ್ಲಿ ಅವಳು ಕೈಯಿಂದಲೇ ಕಟ್ಟೆಯ ಮಣ್ಣು ಕೆದರಿ ತಾರು ಕಿತ್ತಿದ್ದಳು. ಅವಳೇನು ಮಾಡುತ್ತಿದ್ದಾಳೆಂದು ತಿಳಿದಾಗ ಅವನು ತಡೆದ.

"ಪತ್ರಿ ಗಿಡದ ಬುಡಕ್ಕ ತಾರು ಹುಗೀಬೇಕ? ನಡೀತದೇನ್ರೀ ಅಯ್ಯಾರೇ?"

ಹಾಡು ಕೇಳಲೆಂದೇ ಬಂದು ಪಡಸಾಲೆಯಲ್ಲಿ ಕೂತಿದ್ದ ಶರಣಯ್ಯನವರು ಎದ್ದು ಬಂದರು. "ಯಾಕ ನಡಿಯೂದಿಲ್ಲ? ಪೂಜಿ ನೀರು ಕುಡದು ಬೆಳದ ಗಿಡಾ. ಶಿವನ ಪದಕ್ಕ ಇದಕ್ಕಿಂತ ಚೊಕ್ಕ ಜಾಗಾ ಎಲ್ಲದಪ್ಪಾ? ಹುಗಿ ತಾಯೀ, ಹೊತ್ತಾತು!"

ಅವಳು ತಾರು ಹುಗಿದು ಮಣ್ಣು ಮುಚ್ಚಿ, ತಂಬಿಗೆಯ ನೀರನ್ನು ಅದರ ಮೇಲೆ ಸುರಿದಳು. ಒಳಗೆ ಕೊರ್ರೆಂಬ ಸದ್ದು ಕರಗಿ ಇಳಿಯಿತು. ಚೊಕ್ಕ ಕನ್ನಡದಲ್ಲಿ ಒಬ್ಬ ಹೆಣ್ಣುಮಗಳು, ಈಗ ಜಳಕೋಟದ ವೀರಭದ್ರಪ್ಪನವರಿಂದ ಬೀಸುವ ಪದ ಎಂದಳು.

ಶೇವಂತಾಬಾಯಿ ಮಣ್ಣುಗೈಯಲ್ಲೇ ಓಡಿದಳು. ಓಣಿಯವರು ಪಡಸಾಲೆಗೆ ನುಗ್ಗಿದರು. ಏಕತಾರಿ ಝೇಂಕರಿಸಿತು. ಅದೇ ಹೊತ್ತಿಗೆ ಬಕ್ಕಪ್ಪನ ಡಬ್ಬಿ ಹೊಸ ಸಿನಿಮಾ ಹಾಡು ಶುರುಮಾಡಿತು, ಅದೂ ಗಂಟಲು ಹರಿಯುವಂತೆ.

"ಅದರ ಬಾಯಿ ಮುಚ್ರಿ ಯಾರರೇ!" ಎಂದು ಅವಳು ಚೀರಿದಳು. ಗುಂಡಿಯೇ ಇಲ್ಲದ ಡಬ್ಬಿಯ ಬಾಯಿ ಮುಚ್ಚುವುದು ಹೇಗೆ? ಎಲ್ಲರೂ ಅದರ ಸುತ್ತ ತಡಕಾಡಿದರು. ಕಲ್ಯಾಣಪ್ಪ ಜನರನ್ನು ತಳ್ಳಿಕೊಂಡು ಬಂದ. ತಲೆಯ ರುಮಾಲನ್ನು ಸರ್ರನೆ ಬಿಚ್ಚಿದ. ಇಡೀ ಓಣಿಯ ಎದುರು ಬೋಳುತಲೆಯಲ್ಲಿ ನಿಂತು ಡಬ್ಬಿಗೆ ಸುತ್ತು ಮೇಲೆ ಸುತ್ತು ಸುತ್ತಿ, ಮಗುವಿನಂತೆ ಎದೆಗೆ ಅವಚಿಕೊಂಡ. ಸಿನಿಮಾ ಹಾಡು ಅವನ ಕಂಕುಳಲ್ಲಿ ಉಸಿರುಗಟ್ಟಿತು.

ಪೆಟ್ಟಿಗೆಯೊಳಗಿಂದ ವೀರಭದ್ರನ ದನಿ ಎದ್ದುಬಂತು.

"ಬಿಳಿಜ್ವಾಳ ಬೀಸೇನ, ಬೆಳ್ಳಿ ನಾ ಬೇಡೆನು,
ಬೆಳಗಾಗೂ ಮುಂದ ಬಾ ಶಿವನೆ,
ಅಳುವಂಥ ತಮ್ಮನ ಹೊಟ್ಟೀಯ ತುಂಬಿಸಿ
ಆಮ್ಯಾಲ ನನ್ನ ಕಡೆ ನೋಡೊ."

ಶೇವಂತಾಬಾಯಿ ಎರಡೂ ಮಣ್ಣುಗೈಗಳಿಂದ ಬಾಯಿ ಮುಚ್ಚಿಕೊಂಡಳು. ಮೂರನೆಯ ಸಾಲು! ತಾಯಿಯದಲ್ಲ, ಹಸಿದ ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು ತಾನೇ ಕಟ್ಟಿದ್ದು. ಆ ಕೂಸು ಅದನ್ನು ಮರೆಯದೆ ಧಾರವಾಡಕ್ಕೆ ಒಯ್ದು ಊರೂರಿಗೆ ಕೇಳಿಸುತ್ತಿದೆ.

"ಆ ಸಾಲು ನಂದ್ರೀ!" ಎಂದಳು ಗಂಡನಿಗೆ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ನಮ್ಮವ್ವನ ಸಾಲು ಮರತಿದ್ದೆ. ಅದು ನಾ ಕಟ್ಟಿದ್ದು!"

ಕಲ್ಯಾಣಪ್ಪ ರುಮಾಲು ಸುತ್ತಿದ ಡಬ್ಬಿಯನ್ನು ಶರಣಯ್ಯನವರ ಕೈಗಿತ್ತ.

"ಅಯ್ಯಾರೇ, ಇದನ್ನ ಗಟ್ಟಿ ಹಿಡೀರಿ. ನಾಳೆ ಬಕ್ಕಪ್ಪಗ ಮುಟ್ಟಸ್ತೀನಿ."

"ನೀ ಎಲ್ಲಿ ಹೊಂಟಿ?"

"ಇನ್ನೊಂದು ಪದಾ ಹಾಡ್ತಾನಂತ, ನೆಲಾ ಆರಬಾರದು," ಎನ್ನುತ್ತ ಅವನು ಬೋಳುತಲೆಯಲ್ಲೇ ತುಂಬಿದ ಕೊಡ ಎತ್ತಿಕೊಂಡು ಪತ್ರಿ ಗಿಡದ ಕಡೆ ನಡೆದ.