ಮಗ್ಗದ ಮನೆಯ ಕಿಟಕಿ

ಬೆರಳ ಮೇಲಿನ ಬೆಳಕು ಒಂದು ಇಟ್ಟಂಗಿಯಷ್ಟು ಕಡಿಮೆಯಾಯಿತು, ಈಗಷ್ಟೇ ಕಾಣುತ್ತಿದ್ದ ಎಳೆ ಈಗ ಕಾಣದು, ಕಣ್ಣು ಕಿರಿದು ಮಾಡಿ ಹುಡುಕಬೇಕು — ಕಿಟಕಿಯಲ್ಲಿ ಗೌಂಡಿ ಖಾಸಿಂಸಾಬನ ಕೈ ಸಿಮೆಂಟು ಸವರುತ್ತದೆ, ಅದರ ಹಿಂದೆ ಇನ್ನೊಂದು ಕೈ ಇಟ್ಟಂಗಿ ಕೊಡುತ್ತದೆ, ಅದು ನನ್ನ ಮೈದುನ ಮಲ್ಲುವಿನ ಕೈ, ಮನೆಯಲ್ಲಿ ಒಂದು ಕಡ್ಡಿ ಎತ್ತಿ ಆಚೆ ಇಡದವನು ಇವತ್ತು ಬೆಳಗಿನಿಂದ ಇಟ್ಟಂಗಿ ಹೊರುತ್ತಿದ್ದಾನೆ. ತಗೋರಿ ಕಾಕಾ, ಇನ್ನ ನಾಕ ಸಾಲಿನಾಗ ಮುಗೀತು. ಮುಗಿಯುತ್ತದಂತೆ, ನನ್ನದೇನು ಮುಗಿಯುತ್ತದೆ ಅಂತ ಇವರಿಗೇನು ಗೊತ್ತು. ಇಳಕಲ್ಲಿನ ಈ ಓಣಿಯಲ್ಲಿ ನೇಕಾರರ ಕಿಟಕಿಗಳೆಲ್ಲ ತಗ್ಗು, ನೆಲದಿಂದ ಗೇಣುದ್ದ ಮೇಲೆ, ಯಾಕೆಂದರೆ ನಾವು ಕೂಡುವುದು ಕುಣಿಮಗ್ಗದಲ್ಲಿ, ಕಾಲು ಕುಣಿಯೊಳಗೆ, ಟೊಂಕ ನೆಲದ ಮಟ್ಟಕ್ಕೆ, ಬೆಳಕೂ ಅಲ್ಲಿಗೇ ಬಂದು ಬೀಳಬೇಕು. ಹದಿನೇಳು ವರ್ಷ ಈ ಬೆಳಕಿನಲ್ಲಿ ಕೂತೆ, ನನಗಿಂತ ಮುಂಚೆ ಅತ್ತೆ ಅಂಬವ್ವ ಮೂವತ್ತು ವರ್ಷ ಕೂತಿದ್ದಳು, ಕಾಯಿಪಲ್ಲೆ ಮಾರುವ ಮರೆವ್ವ ಇದೇ ಕಿಟಕಿಯಿಂದ ಬದನೆಕಾಯಿ ಒಳಗಿಟ್ಟು ಹೋಗುತ್ತಿದ್ದಳು, ಸಾಲಿ ಮಾಸ್ತರರು ಬಗ್ಗಿ ಏನ್ರಿ ಬಾಯಾರ, ಆರಾಮ ಅನ್ನುತ್ತಿದ್ದರು, ಯಾರ ಕಣ್ಣೂ ನನ್ನ ಮೊಣಕಾಲಿನ ಮೇಲೆ ನಿಂತಿರಲಿಲ್ಲ, ನಿಂತಿದ್ದರೂ ಕಂಡದ್ದು ಅವರ ಕಣ್ಣಿನಲ್ಲೇ ಉಳಿಯುತ್ತಿತ್ತು, ಕಿಸೆಯಲ್ಲಿ ಹಾಕಿಕೊಂಡು ಹೋಗಿ ಇನ್ನೊಬ್ಬನ ಕೈಗೆ ಕೊಡುವ ಹಾಗಿರಲಿಲ್ಲ. ಈಗ ಅತ್ತೆ ಹೇಳುತ್ತಾಳೆ, ಹೆಣ್ಣಮಕ್ಕಳು ಕಿಡಕಿ ಮಗ್ಗಲಕ ಕುಂದ್ರಬಾರದಿತ್ತವಾ. ಮೂವತ್ತು ವರ್ಷ ಎಲ್ಲಿ ಕೂತಿದ್ದೆ ಅತ್ತಿ, ಮಾಳಿಗೆಯ ಮೇಲೋ? ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಸೀರೆಯ ಒಡಲಿನ ಎಳೆಯ ತುದಿಯನ್ನು ಸೆರಗಿನ ಎಳೆಯ ತುದಿಗೆ ಸಿಕ್ಕಿಸಬೇಕು, ಒಂದೊಂದಾಗಿ, ಸಾವಿರಾರು, ಇದಕ್ಕೆ ಕೊಂಡಿ ಹಾಕುವುದು ಅನ್ನುತ್ತೇವೆ, ಕೈಮಗ್ಗದ ಇಳಕಲ್ ಸೀರೆಯ ಜೀವ ಇರುವುದೇ ಅಲ್ಲಿ, ಒಂದು ಎಳೆ ತಪ್ಪಿದರೆ ಸೆರಗು ಓರೆ. ಅರ್ಧ ಆಗಿದೆ, ಇನ್ನರ್ಧ ಬಾಕಿ, ಬಲ್ಬಿನ ಕೆಳಗೆ ಆಗದ ಕೆಲಸ, ಬಲ್ಬಾದರೂ ಎಷ್ಟು ಹೊತ್ತು ಉರಿಯುತ್ತದೆ, ಕರೆಂಟು ಬಂದರೆ ಬಂತು ಹೋದರೆ ಹೋಯಿತು. ಗಂಡ ಮುತ್ತಪ್ಪನಿಗೆ ಹೇಳಿದೆ, ಬೆಳಕಿಲ್ಲದ ಕೊಂಡಿ ಹಾಕಾಕ ಆಗೂದಿಲ್ಲ. ಮುತ್ತಪ್ಪ ಸಾಹೇಬರು ಗೋಡೆ ನೋಡುತ್ತ ಅಂದರು, ಆಗಲಿಲ್ಲಂದ್ರ ಬಿಡು, ಇದೊಂದ ಸೀರಿ ಮುಗಿಸಿ ಮಗ್ಗ ಸಾವ್ಕಾರ್ಗ ಹೊಳ್ಳಿ ಕೊಡೂಣು, ನೀ ಒಳಗ ಕುಂತು ಕಂಡಿಕಿ ಸುತ್ತು. ಕಂಡಿಕೆ ಸುತ್ತುವುದು! ಲಾಳಿಗೆ ನೂಲು ಸುತ್ತಿ ಕೊಡುವುದು, ಕಣ್ಣು ಮಂಜಾದ ಮುದುಕಿಯರ ಕೆಲಸ. ನನ್ನ ಕೊಂಡಿ ನೋಡಿ ಗುಳೇದಗುಡ್ಡದವರು ಇದು ಯಾರ ಕೈ ಅಂತ ಕೇಳಿದ್ದಾರೆ, ನನ್ನ ಕೈ ಅಂತ ಒಂದಿದೆ ಈ ಊರಿನಲ್ಲಿ, ಅದನ್ನು ನಾಲ್ಕು ಸಾಲು ಇಟ್ಟಂಗಿಯಲ್ಲಿ ಹೂಳುತ್ತಾರೆ. ಯಾವ ತಪ್ಪಿಗೆ? ಮೊನ್ನೆ ಗಂಡ ಪಾವರ್‌ಲೂಮ್ ಶೆಡ್ಡಿನಿಂದ ನಡು ಕೆಲಸದಲ್ಲೇ ಎದ್ದು ಬಂದ, ಹಿಂದೆ ಅವನ ಜೊತೆಗಾರ ಹೊಳಬಸಪ್ಪ, ಹೊಳಬಸಪ್ಪನ ಮೊಬೈಲು ಗಂಡನ ಕೈಯಲ್ಲಿ, ನನ್ನ ಮೂಗಿನ ಮುಂದೆ ಹಿಡಿದ, ನೋಡು ನಾಗರತ್ನಾ, ಕಣ್ತುಂಬ ನೋಡು, ಶೆಡ್ಡಿನಾಗ ಹದಿನಾಕ ಮಂದಿ ನೋಡ್ಯಾರ. ಬೆಂಕಿಪೆಟ್ಟಿಗೆಯಷ್ಟು ಗಾಜಿನಲ್ಲಿ ನಾನು, ಸೆರಗು ಟೊಂಕಕ್ಕೆ ಸಿಕ್ಕಿಸಿ, ಕಾಲು ಕುಣಿಯಿಂದ ಮೇಲೆತ್ತಿ ಮಡಚಿ, ಸೀರೆ ಮೊಣಕಾಲಿನ ಮೇಲೆ — ಕೊಂಡಿ ಹಾಕುವಾಗ ಎಲ್ಲ ಹೆಂಗಸರೂ ಹಾಗೇ ಕೂಡುತ್ತೇವೆ, ನನ್ನ ಅತ್ತೆಯೂ, ಇದೇ ಹೊಳಬಸಪ್ಪನ ಅವ್ವನೂ — ಎರಡು ಉಸಿರಿನಷ್ಟು ಹೊತ್ತು ನೋಡಿದೆ, ಆಮೇಲೆ ನೋಡಲಾಗಲಿಲ್ಲ, ಮೈಯೆಲ್ಲ ಉರಿ. ಹೊಳಬಸಪ್ಪ ನೆಲ ನೋಡುತ್ತ, ನಾ ಅಳಿಸೇನ್ರಿ ವೈನಿ, ನಿಮ್ಮ ಮುಂದನ ಅಳಿಸೇನಿ. ನೀನು ಅಳಿಸಿದೆಯಪ್ಪ, ನಿನಗೆ ಕೊಟ್ಟವನು? ಅವನಿಗೆ ಕೊಟ್ಟವನು? ಬ್ಲೂಟೂತಂತೆ, ತಂತಿಯಿಲ್ಲ, ಎರಡು ಮೊಬೈಲು ಹತ್ತಿರ ಹಿಡಿದರೆ ಸಾಕಂತೆ, ಹುನಗುಂದದ ಬಸ್‌ಸ್ಟ್ಯಾಂಡಿಗೆ ಹೋಗಿ ಮುಟ್ಟಿದೆ, ಕುಳಗೇರಿ ಕ್ರಾಸಿನ ಚಾದಂಗಡಿಯಲ್ಲಿ ಯಾರೋ ನೋಡಿದರಂತೆ, ನಾನು ಜನ್ಮದಲ್ಲಿ ಇಳಿಯದ ಊರುಗಳಲ್ಲಿ ನನ್ನ ಕಾಲು ತಿರುಗುತ್ತಿವೆ. ನೇಯ್ದದ್ದು ತಪ್ಪಾದರೆ ಹೊಕ್ಕು ಬಿಚ್ಚಿ ಮತ್ತೆ ನೇಯಬಹುದು, ಇದನ್ನು ಯಾವ ತುದಿ ಹಿಡಿದು ಬಿಚ್ಚಲಿ. ಹಾಸಿನ ನೂಲು ತರಲು ಹೋದರೆ ಸಾವ್ಕಾರರು ಅನ್ನುತ್ತಾರೆ, ಕಾಲ ಕೆಟ್ಟೈತಿ ತಂಗಿ, ಇನ್ನ ಮುಂದ ಎಲ್ಲಾರ ಕೈಯಾಗೂ ಇಂಥಾ ಮೊಬೈಲ ಬರ್ತಾವ, ಹೆಣ್ಣಮಕ್ಕಳು ಹುಷಾರ್ ಇರಬೇಕ ನೋಡ. ಎಲ್ಲರ ಕೈಯಲ್ಲೂ ಬಂದರೆ ಊರಿನ ಕಿಟಕಿಗಳನ್ನೆಲ್ಲ ಮುಚ್ಚಿಸುತ್ತೀರೇನು, ಫೋಟೊ ಹೊಡೆದವನ ಕೈಗೆ ಏನೂ ಇಲ್ಲ, ಬೈಗಳಿಲ್ಲ, ಹುಡುಕಾಟವಿಲ್ಲ, ಹೊಡೆಸಿಕೊಂಡವಳ ಕಿಟಕಿಗೆ ಇಟ್ಟಂಗಿ! ಮೊಟ್ಟಮೊದಲು ಈ ಮಾತು ತೆಗೆದವನು ಮಲ್ಲು, ಕಿಡಕಿ ಮುಚ್ಚಿಸೂದ ಛಲೋ ಅಣ್ಣಾ, ಓಣ್ಯಾಗ ಎಂಥೆಂಥಾ ಮಂದಿ ಅಡ್ಯಾಡ್ತಾರ. ಅಣ್ಣ ತಲೆಯಾಡಿಸಿದ.

ಇನ್ನೊಂದು ಸಾಲು ಏರಿತು. ಉಳಿದ ಬೆಳಕು ಒಂದು ಚೌಕ, ಬಿಳಿ, ಅಂಚು ಕಣ್ಣು ಕುಕ್ಕುತ್ತದೆ, ಸುತ್ತಲೂ ಕತ್ತಲಾದದ್ದಕ್ಕೆ ಇನ್ನೂ ಬೆಳ್ಳಗೆ — ಈ ಬಿಳಿ ಚೌಕವನ್ನು ಎಲ್ಲಿ ನೋಡಿದೆ, ಹೀಗೇ, ಇಷ್ಟೇ ಸಣ್ಣದು, ನನ್ನ ತಲೆಯ ಪಕ್ಕಕ್ಕೆ — ಆ ಗಾಜಿನಲ್ಲಿ. ಆ ಫೋಟೊದಲ್ಲಿ. ಮೊಬೈಲಿನ ಗಾಜು ಹೊಳೆಯಿತು ಅಂದುಕೊಂಡಿದ್ದೆ, ಗಾಜಲ್ಲ, ಕಿಟಕಿ, ನನ್ನ ಆಚೆಗೆ ಕಿಟಕಿ ಇತ್ತು ಫೋಟೊದಲ್ಲಿ. ಹದಿನಾಲ್ಕು ಮಂದಿಯೂ ಮೊಣಕಾಲೇ ನೋಡಿದರು, ನಾನೂ ಮೊಣಕಾಲೇ ನೋಡಿದೆ, ಕಿಟಕಿಯನ್ನು ಯಾರೂ ನೋಡಲಿಲ್ಲ. ಮಗ್ಗದ ಎಡಕ್ಕೆ ಕಿಟಕಿ, ಬಲಕ್ಕೆ ಒಳಮನೆಯ ಬಾಗಿಲು. ಕಿಟಕಿಯಲ್ಲಿ ನಿಂತು ತೆಗೆದರೆ ಕಿಟಕಿ ಹೇಗೆ ಬೀಳುತ್ತದೆ? ನಿಲ್ಲು, ಇನ್ನೊಂದಿದೆ, ಬಣ್ಣ, ತೊಡೆಯ ಮೇಲೆ ಹಾಸಿನ ಎಳೆ ಕೆಂಪಗಿದ್ದವು, ದಾಳಿಂಬ ಕೆಂಪು, ಒಂದು ಸೀರೆಗೆ ಒಂದೇ ಹಾಸು, ಒಂದು ಹಾಸಿನಲ್ಲಿ ಕೊಂಡಿ ಒಂದೇ ಸಲ, ದಾಳಿಂಬಕ್ಕೆ ಕೊಂಡಿ ಹಾಕಿದ್ದು ಎಳ್ಳಮಾಸಿ ಹಬ್ಬದ ಮರುದಿನ, ನೇಕಾರರ ಮನೆಗೆ ಪಂಚಾಂಗ ಬೇಕಿಲ್ಲ, ಬಣ್ಣ ಹೇಳಿದರೆ ನಾನು ದಿನ ಹೇಳಬಲ್ಲೆ. ಆ ದಿನ ಗಂಡ ಶೆಡ್ಡಿಗೆ ಹೋಗಿದ್ದ, ಹಬ್ಬಕ್ಕೆ ಹೋದ ಅತ್ತೆ ಶಿರೂರಿನಲ್ಲೇ ಉಳಿದಿದ್ದಳು, ಒಳಮನೆಯ ಮಂಚದ ಮೇಲೆ ಮಲ್ಲು, ಹುಬ್ಬಳ್ಳಿಯಿಂದ ತಂದ ಹೊಸ ಮೊಬೈಲಿನಲ್ಲಿ ಆಟ ಆಡುತ್ತಿದ್ದ, ಟಿಕ್ ಟಿಕ್ ಟಿಕ್ ಅಂತ ತಲೆ ತಿನ್ನುವ ಸಪ್ಪಳ, ಅದು ನಿಂತಿತ್ತು, ನಿಂತದ್ದಕ್ಕೇ ನಾನು ಕೇಳಿದ್ದೆ, ತಲೆ ಎತ್ತದೆ, ಬಾಯಲ್ಲಿ ಎಳೆ ಕಚ್ಚಿಕೊಂಡು, ಯಾಕಪಾ ಆಟ ಮುಗೀತೇನು? ಮುಗೀತ್ ವೈನಿ, ಔಟಾದ್ನಿ. ಮಂಚದಿಂದ ಅಲ್ಲ, ಬಾಗಿಲಿನಿಂದ ಬಂದಿತ್ತು ಆ ದನಿ. ಏಳು ವರ್ಷದವನಿದ್ದಾಗ ನಾನು ಈ ಮನೆಗೆ ಬಂದೆ, ಅವನ ಮೂಗು ಒರೆಸಿದ್ದು ಇದೇ ಸೆರಗಿನಿಂದ, ಥೂ, ಥೂ ನಿನ್ನ, ಇಟ್ಟಂಗಿ ಕೊಡುವ ಆ ಕೈ ಕತ್ತರಿಸಿ ಹಾಕುವಷ್ಟು ಸಿಟ್ಟು ಬರುತ್ತಿದೆ ನನಗೆ.

ಮಲ್ಲೂ. ಕೂಗಿದ್ದು ನಾನೇ, ಇಷ್ಟು ದೊಡ್ಡ ದನಿ ನನಗಿತ್ತೇ, ಕಿಟಕಿಯಾಚೆಯ ಕೈ ನಿಂತಿತು. ಆ ಫೋಟೊದಾಗ ಕಿಡಕಿ ಐತಲಾ, ಕಿಡಕಿಯಿಂದ ಹೊಡದ್ರ ಕಿಡಕಿ ಹೆಂಗ ಬಿತ್ತು ಅದರಾಗ? ಖಾಸಿಂಸಾಬ ಸಿಮೆಂಟು ಸವರುವ ಕರಣಿ ಕೆಳಗಿಟ್ಟ ಸಪ್ಪಳ, ಏನವಾ ಹಂಗಂದ್ರ ಅಂತ ಮೆಲ್ಲಗೆ. ಬಾಗಿಲಲ್ಲಿ ಗಂಡ, ಇವನಿಗಾದರೂ ಈಗ ತಿಳಿಯುತ್ತದೆ, ಈಗ ಹೊರಗೆ ಹೋಗಿ ತಮ್ಮನ ಕಪಾಳಕ್ಕೆ ಬಿಡುತ್ತಾನೆ, ಬಿಡಲಿ, ಓಣಿಯೆಲ್ಲ ನೋಡಲಿ — ಅವನು ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ, ದನಿ ತಗ್ಗಿಸಿದ, ಸುಮ್ಮನಿರು, ಗೊತ್ತೈತಿ ನನಗ. ಏನು ಗೊತ್ತೈತಿ? ಶೆಡ್ಡಿನಾಗ ನೋಡಿದ ಕೂಡ್ಲೆ ಗೊತ್ತಾತು, ನನ್ನ ಮನಿ ನನಗ ಗೊತ್ತಾಗೂದಿಲ್ಲೇನು, ಓಣ್ಯಾನವ ಯಾವನೋ ಹೊಡದಾನಂದ್ರ ಒಂದ ಗ್ವಾಡಿಗೆ ಮುಗೀತೈತಿ, ತಮ್ಮ ಅಂತ ಹೊರಗ ಬಿದ್ರ ಮನಿ ಒಡೀತೈತಿ, ಅವನ ಲಗ್ನದ ಮಾತು ನಡದೈತಿ, ತಿಳಕೋ. ತಿಳಿಯಿತು. ಈ ಗೋಡೆ ಯಾರೂ ನನ್ನನ್ನು ನೋಡದಿರಲಿ ಅಂತಲ್ಲ, ಊರು ಗೋಡೆಯನ್ನು ನೋಡಲಿ ಅಂತ. ಮೊನ್ನೆಯಿಂದ ಒಂದೇ ತಾಟಿನ ಮುಂದೆ ಕೂತು ಅಣ್ಣ ತಮ್ಮ ರೊಟ್ಟಿ ಮುರಿದರು, ನಾನು ಬಡಿದ ರೊಟ್ಟಿ, ಇವನಿಗೆ ಗೊತ್ತಿತ್ತು, ತುಪ್ಪ ಹಾಕು ಅವಗ ಅಂದ, ಗೊತ್ತಿತ್ತು, ನಾನು ರಾತ್ರಿಯಿಡೀ ಓಣಿಯ ಒಂದೊಂದೇ ಗಂಡಸಿನ ಮುಖ ನೆನೆದು ಶಾಪ ಹಾಕಿದೆ, ಸಾಲಿ ಮಾಸ್ತರರಿಗೂ ಹಾಕಿದೆ, ಪಕ್ಕದಲ್ಲಿ ಮಲಗಿ ಕೇಳುತ್ತಿದ್ದ, ಗೊತ್ತಿತ್ತು. ಎಳೆಗಳನ್ನು ಪಕ್ಕಕ್ಕೆ ಸರಿಸಿಟ್ಟೆ, ಹರಿಯದ ಹಾಗೆ, ಎದ್ದೆ, ಸೀರೆ ಮೊಣಕಾಲಿನ ಮೇಲೇ ಇತ್ತು, ಇರಲಿ, ಹಸಿ ಸಿಮೆಂಟಿನ ಮೇಲಿನ ಸಾಲಿಗೆ ಅಂಗೈ ಕೊಟ್ಟು ನೂಕಿದೆ, ಒಂದು ಓಣಿಗೆ ಬಿತ್ತು, ಖಾಸಿಂಸಾಬ ಹಿಂದೆ ಸರಿದ, ಇನ್ನೊಂದು ನೂಕಿದೆ, ಏ ನಾಗರತ್ನಾ ಅಂತ ಹಿಂದಿನಿಂದ ಗಂಡ, ಹುಚ್ಚ ಹಿಡೀತೇನ, ಕೊಡಲೇ ಮಲ್ಲು, ಕೊಡು ಗೌಂಡಿಗೆ, ಇಡ್ರಿ ಕಾಕಾ ಅಂತ, ಬಿದ್ದ ಇಟ್ಟಂಗಿಯ ಜಾಗದಲ್ಲಿ ಬೆಳಕು, ಬೆಳಕಿನಲ್ಲಿ ಮಲ್ಲು, ಅವನ ಕೈಯಲ್ಲಿ ಮುಂದಿನ ಇಟ್ಟಂಗಿ, ಅವನು ಅಣ್ಣನ ಮುಖ ನೋಡುತ್ತಾನೆ, ನನ್ನ ಮುಖ ನೋಡುವುದಿಲ್ಲ, ಗೌಂಡಿ ತೆಗೆದುಕೊಳ್ಳುವುದಿಲ್ಲ, ಆ ಕೈ ಇಟ್ಟಂಗಿ ಹಿಡಿದು ಮುಂದೆ ಚಾಚಿಯೇ ಇದೆ, ಇಟ್ಟಂಗಿ ಹಿಡಿದು, ಚಾಚಿಯೇ ಇದೆ.