ಜಗ್ಗಿನೊಳಗಿನ ನೀಲಿ ಕೋನು

“ಆ ದಾರ ಕತ್ತರಿಸಿ ಬಿಸಾಕೇ, ಕಾಲಿಗೆ ಸುತ್ತಿಕೊಳ್ತಿದೆ!” ಎಂದು ಅತ್ತೆ ಕೂಗಿದಾಗ ಮಗಳು ಹೊಲಿಗೆ ಮೆಷಿನ್ನನ್ನು ಮೂಲೆಗೆ ಎಳೆಯುತ್ತಿದ್ದಳು. ಅಮ್ಮನನ್ನು ಮಲಗಿಸಲು ಜಾಗ ಬೇಕಿತ್ತು. ಮೆಷಿನ್ ಸರಿಯಿತು, ಅದರ ಹಿಂದೆ ನೆಲದ ಮೇಲಿದ್ದ ಸ್ಟೀಲ್ ಜಗ್ಗು ಅಲ್ಲೇ ಉಳಿಯಿತು. ಜಗ್ಗಿನೊಳಗೆ ಗೇಣುದ್ದದ ನೀಲಿ ದಾರದ ಕೋನು.

“ಕತ್ತರಿಸಲ್ಲ ಅತ್ತೆ. ಅಮ್ಮ ಹಾಕಿಟ್ಟ ದಾರ ಅದು.”

ಬಾಗಿಲ ಬಳಿ, ಅಮ್ಮ ಹಿಂದೆ ಕೆಲಸ ಮಾಡಿದ್ದ ಗಾರ್ಮೆಂಟ್ ಫ್ಯಾಕ್ಟರಿಯ ಹೆಂಗಸರು ಕೂತಿದ್ದರು. ಅವರಲ್ಲಿ ಒಬ್ಬಳು ಪಿಸುಗುಟ್ಟಿದಳು. “ಕೋನ್ ಕಳ್ಳಿ ಅನ್ನಿಸಿಕೊಂಡ ಮೇಲೂ ಕೋನು ಬಿಡಲಿಲ್ಲ ನೋಡು.”

ಇಪ್ಪತ್ತು ವರ್ಷದ ಹೆಸರು. ಅಮ್ಮ ಸತ್ತರೂ ಅದು ಸಾಯಲಿಲ್ಲ.

ಅಷ್ಟರಲ್ಲಿ ಆ ಫ್ಯಾಕ್ಟರಿಯ ಮೇಸ್ತ್ರಿ ಬಂದ. ಹೊಚ್ಚಹೊಸ ನೀಲಿ ಅಂಗಿ. “ಹನ್ನೊಂದಕ್ಕೆ ಫ್ಯಾಕ್ಟರಿಯಲ್ಲಿ ನನಗೆ ಸನ್ಮಾನ. ಹಾಗೇ ಮುಖ ನೋಡಿಕೊಂಡು ಹೋಗೋಣ ಅಂತ ಬಂದೆ” ಎಂದ.

ಮಗಳು ಅವನ ಮುಖ ನೋಡಲಿಲ್ಲ. ಅವನ ಎಡ ಕಂಕುಳಲ್ಲಿ ಬೆರಳುದ್ದ ನೇತಾಡುತ್ತಿದ್ದ ದಾರವನ್ನು ನೋಡಿದಳು.

*

ಇಪ್ಪತ್ತು ವರ್ಷದ ಹಿಂದೆ ಅಮ್ಮನಿಗೆ ಫ್ಯಾಕ್ಟರಿಯ ಕೋನು ಕೊಟ್ಟವನು ಇದೇ ಮೇಸ್ತ್ರಿ. “ಮನೆಗೆ ತಗೊಂಡು ಹೋಗಿ ನನ್ನ ಮಗಳಿಗೊಂದು ಫ್ರಾಕ್ ಹೊಲಿದುಕೊಡಮ್ಮ. ಉಳಿದ ದಾರ ನಾಳೆ ತಂದಿಡು” ಅಂದಿದ್ದ.

ಮನೆಯ ಮೆಷಿನ್ನಿನ ಮೇಲೆ ದಾರ ಸಿಕ್ಕಿಸುವ ಕಡ್ಡಿ ಚಿಕ್ಕ ಉರುಳೆಗೆ ಮಾಡಿದ್ದು. ಕೋನನ್ನು ಅದರ ತಲೆಗೆ ಹೊರಿಸಿದರೆ ದಾರ ಸಿಕ್ಕಿಕೊಂಡು ತುಂಡಾಗುತ್ತಿತ್ತು. ಕೊನೆಗೆ ಅಮ್ಮ ಅದನ್ನು ಜಗ್ಗಿನೊಳಗೆ ನೆಟ್ಟಗೆ ಕೂರಿಸಿ ಮೆಷಿನ್ನಿನ ಹಿಂದಿಟ್ಟಳು. ಹ್ಯಾಂಗರಿನ ತಂತಿ ಬಗ್ಗಿಸಿ, ಎತ್ತರದಲ್ಲೊಂದು ಕೊಕ್ಕೆ ಮಾಡಿ, ದಾರವನ್ನು ಅದರ ಮೂಲಕ ಸೂಜಿಗೆ ಇಳಿಸಿದಳು. ಆಮೇಲೆ ದಾರ ತಕರಾರಿಲ್ಲದೆ ಬಂತು.

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಕಾವಲುಗಾರ ಅವಳ ಚೀಲ ಬಿಚ್ಚಿಸಿದ. ವಾಪಸು ತರುವಾಗ ಸಿಕ್ಕಿಬಿದ್ದ ಕಳ್ಳಿ ಲೋಕದಲ್ಲಿ ಅವಳೊಬ್ಬಳೇ ಇರಬೇಕು! ಮೇಸ್ತ್ರಿಯನ್ನು ಕರೆಸಿದರು. “ನನಗೇನೂ ಗೊತ್ತಿಲ್ಲಪ್ಪ” ಎಂದು ಕೈ ತೊಳೆದುಕೊಂಡ. ಅಮ್ಮನ ಕೆಲಸ ಹೋಯಿತು. ಮುಂದಿನ ಭಾನುವಾರ ಅವನ ಮಗಳು ಅದೇ ಫ್ರಾಕ್ ಹಾಕಿಕೊಂಡು ಬೀದಿಯಲ್ಲಿ ಹೋದಳು.

ಹೋದ ತಿಂಗಳು ಅವನೇ ಬಟ್ಟೆ ಹಿಡಿದುಕೊಂಡು ಮನೆಗೆ ಬಂದ. “ಹಳೇದೆಲ್ಲ ನಾನು ಮರೆತಿದ್ದೀನಮ್ಮ. ಸನ್ಮಾನಕ್ಕೆ ಒಂದು ಅಂಗಿ ಹೊಲಿದುಕೊಡು.”

ಅವನು ಮರೆತಿದ್ದಾನಂತೆ! ಅಮ್ಮ ನಗುತ್ತ ಅಳತೆ ತೆಗೆದುಕೊಂಡಳು. ಅಂಗಡಿಯಿಂದ ನೀಲಿ ಕೋನು ತಂದು ಅದೇ ಜಗ್ಗಿನಲ್ಲಿ ಕೂರಿಸಿದಳು. ಎಡತೋಳು ಕೂರಿಸುವಾಗ ಮಾತ್ರ ಮೇಲಿನ ದಾರವನ್ನು ತೀರಾ ಸಡಿಲ ಬಿಟ್ಟಳು.

“ಹೀಗೆ ಹೊಲಿದರೆ ಕೆಳಗಿನ ಬಾಬಿನ್ ದಾರ ನೆಟ್ಟಗೆ ಮಲಗಿರುತ್ತೆ ಕಣೇ. ತುದಿ ಹಿಡಿದು ಎಳೆದರೆ ತೋಳೇ ಕಳಚಿಬರುತ್ತೆ. ಸನ್ಮಾನದ ದಿನ ಎಲ್ಲರ ಮುಂದೆ ಕೇಳ್ತೀನಿ, ಕೋನು ಕೊಟ್ಟಿದ್ದು ಯಾರು ಅಂತ. ನಿಜ ಹೇಳಿದ್ರೆ ಅಲ್ಲೇ ಕೂತು ಗಟ್ಟಿಯಾಗಿ ಹೊಲಿದುಕೊಡ್ತೀನಿ.”

“ಹೇಳದಿದ್ರೆ?” ಎಂದಳು ಮಗಳು.

“ಎಳೀತೀನಿ.”

ಸನ್ಮಾನಕ್ಕೆ ಒಂದು ದಿನ ಮೊದಲೇ ಅಮ್ಮ ಹೋಗಿಬಿಟ್ಟಳು.

*

“ಸರ್, ಅವತ್ತು ಆ ಕೋನು ಅಮ್ಮನಿಗೆ ಕೊಟ್ಟಿದ್ದು ಯಾರು?” ಮಗಳು ಎಲ್ಲರಿಗೂ ಕೇಳುವಂತೆ ಕೇಳಿದಳು.

“ಹೆಣದ ಮುಂದೆ ಜಗಳ ಬೇಡ ಕಣೇ” ಎಂದಳು ಅತ್ತೆ.

ಮೇಸ್ತ್ರಿ ದೊಡ್ಡ ಮನಸ್ಸಿನಿಂದ ಕೈಯೆತ್ತಿದ. “ಇರಲಿ ಬಿಡಿ. ಅವಳು ಕದ್ದಿದ್ದನ್ನ ನಾನು ಅವತ್ತೇ ಕ್ಷಮಿಸಿಬಿಟ್ಟೆ.”

ಮಗಳು ಅವನ ಹತ್ತಿರ ಹೋದಳು. ಮೆತ್ತಗೆ ಹೇಳಿದಳು. “ಕಂಕುಳಲ್ಲಿ ದಾರ ನೇತಾಡ್ತಿದೆ ಸರ್. ತೆಗೀಲಾ?”

“ತೆಗಿ ತೆಗಿ. ನಿಮ್ಮಮ್ಮನ ಕೆಲಸಾನೇ ಹೀಗೆ, ಕೊನೇಲಿ ಎಡವಟ್ಟು.” ಅಳತೆಗೆ ನಿಂತವನ ಹಾಗೆ ತೋಳು ಚಾಚಿದ.

ಅವಳು ಎಳೆದಳು. ದಾರ ತುಂಡಾಗದೆ ಬಂತು, ಬರುತ್ತಲೇ ಇತ್ತು. ಅಂಗಿಯ ತೋಳು ಕಳಚಿ ಮಣಿಕಟ್ಟಿಗೆ ಬಂದು ಬಿತ್ತು. ಗಾರ್ಮೆಂಟ್ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಮೇಸ್ತ್ರಿ ಬರಿ ಭುಜವನ್ನು ಮುಚ್ಚಿಕೊಂಡು ಗಡಿಯಾರ ನೋಡಿದ. ಹನ್ನೊಂದಕ್ಕೆ ಹತ್ತೇ ನಿಮಿಷ.

“ಹೊಲಿದುಕೊಡಮ್ಮ, ಬೇಗ!”

“ಕೋನು ಕೊಟ್ಟಿದ್ದು ಯಾರು?”

“ನಾನು.”

“ಬಾಗಿಲ ಹತ್ತಿರ ಕೂತವರಿಗೆ ಕೇಳಿಸಲಿಲ್ಲ.”

“ನಾನೇ ಕೊಟ್ಟಿದ್ದು! ಅವಳು ಕದ್ದಿರಲಿಲ್ಲ! ಈಗಲಾದ್ರೂ ಹೊಲಿ!”

ಪಿಸುಗುಟ್ಟಿದ್ದವಳು ತಲೆ ತಗ್ಗಿಸಿದಳು. ಮಗಳು ಮೆಷಿನ್ನಿನ ಮುಚ್ಚಳ ಹಾಕಿದಳು.

“ಹೊಲಿಯೋಳು ಮಲಗಿದ್ದಾಳೆ ಸರ್.”

ಮೇಸ್ತ್ರಿ ತೋಳನ್ನು ಕೈಯಲ್ಲಿ ಹಿಡಿದುಕೊಂಡು ಬೀದಿಗಿಳಿದ. ಮಗಳು ಅಮ್ಮನ ಪಕ್ಕ ಕೂತು, ಜಗ್ಗನ್ನು ಮಡಿಲಿಗೆಳೆದುಕೊಂಡು, ಬಿಚ್ಚಿದ ನೀಲಿ ದಾರವನ್ನು ಕೋನಿಗೆ ವಾಪಸು ಸುತ್ತತೊಡಗಿದಳು.